ಬಯಲಿನ ಕುದುರೆಯನ್ನು ಗುಡ್ಡ ಹತ್ತಿಸುವ ಮುನ್ನ

ಯಾದಗಿರಿ ಕಡೆ ಕುದುರೆ ಸಾಕಿದವರು ಶಹಾಪುರದ ಗುಡ್ಡ ನೋಡಿದಾಗೆಲ್ಲ ಒಮ್ಮೆ ಸವಾರಿ ಹೋಗೋಣ ಅಂದುಕೊಳ್ಳುತ್ತಾರೆ. ಹೋಗಬಹುದು. ಆದರೆ ಎರೆಹೊಲದಲ್ಲಿ, ಡಾಂಬರು ರಸ್ತೆಯಲ್ಲಿ ಬೆಳೆದ ಕುದುರೆಗೆ ಇಳಿಜಾರೇ ಗೊತ್ತಿರುವುದಿಲ್ಲ. ಇದನ್ನು ಕಲಿಯಬೇಕಾದದ್ದು ಅಮೆರಿಕದ ಕೊಲೊರಾಡೊ, ಮೊಂಟಾನಾ ಕಡೆಯ ಬೇಟೆಗಾರರಿಂದ. ಅವರು ಎಲ್ಕ್ ಬೇಟೆಗೆ ರಾಕಿ ಪರ್ವತದ ಕಡಿದಾದ ದಾರಿಯಲ್ಲಿ ಕುದುರೆ ಮೇಲೇ ಹೋಗುತ್ತಾರೆ. ಎಲ್ಕ್ ನಮ್ಮ ಕಡವೆ ಥರದ ಪ್ರಾಣಿ, ದೊಡ್ಡ ಗಂಡು 300 ಕಿಲೋ ದಾಟುತ್ತದೆ, ಅದರ ಮಾಂಸ ಹೆಗಲ ಮೇಲೆ ಹೊತ್ತು ಇಳಿಯೋದು ಸುಮ್ನೆ ಮಾತಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ಬಂದ್. ಬಂದೂಕು ಅವರಿಗೇ ಇರಲಿ, ಸವಾರಿ ಕಲಿಯೋಣ. ಚಿಂಚೋಳಿ ಕಾಡಿಗೆ ಹೋಗುವುದಾದರೆ ಅರಣ್ಯ ಇಲಾಖೆಯನ್ನು ಮೊದಲು ಕೇಳಿ.

ಗುಡ್ಡದಲ್ಲಿ ಕುದುರೆ ಕಾಲಿಗಿಂತ ಜಾಸ್ತಿ ಕೈ ಕೊಡುವುದು ಜೀನು. ಹತ್ತುವಾಗ ಅದು ಹಿಂದಕ್ಕೆ ಜಾರುತ್ತದೆ, ಇಳಿಯುವಾಗ ಕುತ್ತಿಗೆ ಕಡೆ ಬರುತ್ತದೆ. ಅದಕ್ಕೇ ಮುಂದೆ ಎದೆಪಟ್ಟಿ, ಹಿಂದೆ ಬಾಲದ ಪಟ್ಟಿ ಎರಡೂ ಬೇಕು. ಹೊಟ್ಟೆಪಟ್ಟಿ ಬಿಗಿಯುವಾಗ ಕುದುರೆ ಉಸಿರು ತುಂಬಿಕೊಂಡು ಹೊಟ್ಟೆ ಉಬ್ಬಿಸುತ್ತದೆ, ಕಾಲು ಗಂಟೆ ನಡೆದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿಯಿರಿ. ವಾಪಸ್ ಬಂದು ಜೀನು ಇಳಿಸಿದಾಗ ಬೆನ್ನು ನೋಡಿ. ಸುತ್ತ ಬೆವರಿನಿಂದ ಒದ್ದೆ, ನಡುವೆ ಅಂಗೈಯಷ್ಟು ಜಾಗ ಮಾತ್ರ ಒಣಗಿದೆ ಅಂದ್ರೆ ಅಲ್ಲಿ ಜೀನು ಒತ್ತುತ್ತಿದೆ. ಹಾಗೇ ಬಿಟ್ಟರೆ ಗಾಯ ಆಗುತ್ತದೆ, ಆಮೇಲೆ ಆ ಜಾಗದಲ್ಲಿ ಬಿಳಿ ಕೂದಲು ಬರುತ್ತದೆ.

ಭಾರ ಕುದುರೆ ತೂಕದ ಐದರಲ್ಲೊಂದು ಪಾಲು ಮೀರಬಾರದು. 350 ಕಿಲೋ ಕುದುರೆಗೆ ಜೀನು, ಸವಾರ ಎಲ್ಲ ಸೇರಿ 70 ಕಿಲೋ. ಕಡಿದಾದ ಏರಿಗೆ ಇನ್ನೂ ಕಡಿಮೆ ಇದ್ದರೆ ಒಳ್ಳೇದು.

ಮೊದಲ ಕೆಲವು ವಾರ ಕೆರೆಯ ಏರಿ, ಕಾಲುವೆಯ ದಂಡೆ ಸಾಕು, ಬೆಳಿಗ್ಗೆ ಬಿಸಿಲೇರುವ ಮುಂಚೆ ನಡಿಗೆಯಲ್ಲೇ ಹತ್ತಿಸಿ ಇಳಿಸಿ. ದವಡೆಯ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44. ಏರು ಮುಗಿಸಿ ಹತ್ತು ನಿಮಿಷ ನಿಂತರೂ 64ಕ್ಕಿಂತ ಕೆಳಗೆ ಬರದಿದ್ದರೆ ಅವತ್ತಿನ ಕೆಲಸ ಜಾಸ್ತಿಯಾಯಿತು. ಮದುವೆ ಮೆರವಣಿಗೆಯ ಕುದುರೆಗಳಿಗೆ ಬ್ಯಾಂಡು, ಪಟಾಕಿ ಎಲ್ಲ ರೂಢಿ, ಅಷ್ಟು ಸುಲಭಕ್ಕೆ ಬೆದರುವುದಿಲ್ಲ. ಏರು ಹತ್ತುವ ದಮ್ಮು ಮಾತ್ರ ಹೊಸದಾಗಿ ಬೆಳೆಸಬೇಕು.

ಹತ್ತುವಾಗ ಮುಂದಕ್ಕೆ ಬಾಗಿ ಜೂಲು ಹಿಡಿಯಿರಿ, ಲಗಾಮು ಸಡಿಲ ಬಿಡಿ. ಕುದುರೆ ಎಡವಿದಾಗ ಲಗಾಮು ಜಗ್ಗೋದು ಎಲ್ಲರ ಚಾಳಿ, ಆದರೆ ಸಮತೋಲ ಹಿಡಿಯಲು ಅದು ತಲೆ ಆಡಿಸಬೇಕು, ನೀವು ಜಗ್ಗಿದರೆ ಬೀಳುವ ಸಂಭವವೇ ಜಾಸ್ತಿ. ಯಾದಗಿರಿ, ಶಹಾಪುರದ ನುಣುಪು ಬಂಡೆ ಮೇಲೆ ಕಬ್ಬಿಣದ ನಾಲು ಜಾರುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ಒರಟು, ಅಲ್ಲಿ ಅಷ್ಟು ಭಯವಿಲ್ಲ. ಬಂಡೆ ಬಂತೋ, ಇಳಿದು ನಡೆಸಿಕೊಂಡು ಹೋಗಿ, ಆದರೆ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಇಳಿಯುವುದು, ಏರುವುದು ಯಾವಾಗಲೂ ಗುಡ್ಡದ ಮೇಲ್ಬದಿಯಿಂದ, ಅದಕ್ಕೆ ಎರಡೂ ಕಡೆಯಿಂದ ಹತ್ತುವ ರೂಢಿ ಮನೆಯಲ್ಲೇ ಮಾಡಿಸಿ.

ಹೇರು ಹಾಕಿದರೆ ಎರಡೂ ಬದಿ ಸಮ ತೂಕ ಇರಲೇಬೇಕು. ಎಲ್ಕ್ ಬೇಟೆಗಾರರು ಮಾಂಸದ ಚೀಲಗಳನ್ನು ತೂಗುವ ತಕ್ಕಡಿ ಒಯ್ಯುವುದು ಇದಕ್ಕೇ. ರಕ್ತದ ವಾಸನೆಗೆ ಹೊಸ ಕುದುರೆ ಹೌಹಾರುತ್ತದೆ, ಹಾಗಾಗಿ ಹೇರುವ ಮುಂಚೆ ಮೂಸಲು ಬಿಡುತ್ತಾರೆ. ನಮ್ಮದು ಜೋಳದ ಚೀಲ, ನೀರಿನ ಕ್ಯಾನು, ಆದರೂ ಕ್ಯಾನಿನ ಕುಲುಕಾಟದ ಸದ್ದು ಮೊದಲೇ ಕೇಳಿಸಿ ಅಭ್ಯಾಸ ಮಾಡಿಸಿ. ಮೇಲೆ ತಲುಪಿ ಕಟ್ಟುವಾಗ ಲಗಾಮಿನಿಂದ ಕಟ್ಟಬೇಡಿ, ಬೆದರಿ ಎಳೆದರೆ ಬಾಯಿ ಹರಿಯುತ್ತದೆ. ಮುಖದ ಹಗ್ಗದಿಂದ, ಅದರ ತಲೆಗಿಂತ ಎತ್ತರದಲ್ಲಿ, ಗಟ್ಟಿ ಮರಕ್ಕೇ ಕಟ್ಟಿ.