ಭಾದ್ರಪದದ ಮಳೆಯಲ್ಲಿ ಅಂಗ್ಕೋರ್: ಹನ್ನೊಂದು ಹಿರಿಯರು, ಏಳು ದಿನದ ಪಾಸು

ಅರವತ್ತು ದಾಟಿದ ಸಸ್ಯಾಹಾರಿಗಳನ್ನು ಪಿತೃಪಕ್ಷದಲ್ಲಿ, ಸುರಿಯುವ ಮಳೆಯಲ್ಲಿ ಕಾಂಬೋಡಿಯಾಕ್ಕೆ ಕರ್ಕೊಂಡು ಹೋಗ್ತೀನಿ ಅಂದಾಗ, ಮೈಸೂರಿನಲ್ಲಿ ನನ್ನ ಹಾಗೇ ಗುಂಪು ಕಟ್ಟಿಕೊಂಡು ತಿರುಗುವ ಮೂವರೂ ಬೇಡ ಅಂದರು. ಒಬ್ಬರಂತೂ, "ಅಕ್ಕಾ, ಸಿಯೆಮ್ ರೀಪ್‌ಗೆ ಎರಡು ದಿನ ಸಾಕು, ಮೂರನೇ ದಿನ ಜನ ಕಲ್ಲು ನೋಡಿ ಬೇಜಾರಾಗಿ ನಿಮ್ಮ ಮೇಲೇ ಬೀಳ್ತಾರೆ" ಅಂದರು. 2025ರ ಸೆಪ್ಟೆಂಬರಿನಲ್ಲಿ ಹನ್ನೊಂದು ಜನರನ್ನು ಒಂಬತ್ತು ರಾತ್ರಿ ಅಲ್ಲೇ, ಹಳೇ ಅಂಗ್ಕೋರ್ ಗುಡಿಗಳ ಪಕ್ಕದ ಆ ಪೇಟೆಯಲ್ಲೇ ಇಟ್ಟುಕೊಂಡು, ಎಲ್ಲರನ್ನೂ ಆರೋಗ್ಯವಾಗಿ ವಾಪಸ್ ಕರ್ಕೊಂಡು ಬಂದಿದ್ದೇನೆ. ಮೂರು ಸಲ ಎಡವಿದ ಮೇಲೆ ಈ ಸಲ ಕೂಡಿಬಂತು. ಅದಕ್ಕೇ, ನನ್ನ ಹಾಗೆ ಗುಂಪು ಕರೆದೊಯ್ಯುವ ನಿಮಗಾಗಿ ಬರೆಯುತ್ತಿದ್ದೇನೆ. ವೀಸಾ, ವಿಮಾನದ ಟಿಕೆಟ್ ನಿಮಗೆ ಹೇಳಿಕೊಡಬೇಕಾಗಿಲ್ಲ, ಬಿಡಿ.

ಮೊದಲು ಸೋತದ್ದನ್ನು ಹೇಳುತ್ತೇನೆ. 2018ರ ಡಿಸೆಂಬರಿನಲ್ಲಿ ಹದಿನಾಲ್ಕು ಜನ, ಗುಡಿಗಳನ್ನು ನೋಡಲು 62 ಡಾಲರಿನ ಮೂರು ದಿನದ ಪಾಸು. ಎಲ್ಲರೂ ಮಾಡುವ ಹಾಗೆ ಮೊದಲ ಬೆಳಿಗ್ಗೆಯೇ ಅಂಗ್ಕೋರ್ ವಾಟ್‌ನ ಸೂರ್ಯೋದಯ. ಕೊಳದ ದಡದಲ್ಲಿ ಜಾತ್ರೆಯಂಥ ಜನ, ನಮ್ಮವರಿಗೆ ಕಂಡದ್ದು ಮುಂದಿನವರ ಮೊಬೈಲ್ ಮಾತ್ರ. ಎರಡು ದಿನದಲ್ಲಿ ಹನ್ನೆರಡು ಗುಡಿ ಓಡಿಸಿದೆ. ತಾ ಕಿಯೋದ ಕಡಿದಾದ ಮೆಟ್ಟಿಲ ಮೇಲೆ ಒಬ್ಬರಿಗೆ ತಲೆ ಸುತ್ತಿ ಕೂತುಬಿಟ್ಟರು. ಊಟಕ್ಕೆ ಬ್ರೆಡ್ಡು, ಬಾಳೆಹಣ್ಣು. ವಾಪಸ್ ಬರುವಾಗ ವಿಮಾನದಲ್ಲಿ ಒಬ್ಬರು "ಎಲ್ಲಾ ಒಂದೇ ಥರ ಇತ್ತಲ್ಲಮ್ಮಾ" ಅಂದದ್ದು ನನಗೆ ಇವತ್ತಿಗೂ ಚುಚ್ಚುತ್ತೆ. ತಲೆಗೆ 62 ಸಾವಿರ ತಗೊಂಡಿದ್ದೆ, ಖರ್ಚು 67ರ ಹತ್ತಿರ ಹೋಯಿತು. ಒಟ್ಟು ಎಪ್ಪತ್ತು ಸಾವಿರ ಕೈಯಿಂದ.

2020ರ ಜನವರಿಯಲ್ಲಿ ಊಟದ್ದೇ ತೊಂದರೆ ಅಂದುಕೊಂಡು ಇಲ್ಲಿಂದಲೇ ಅಡುಗೆಯವರನ್ನು ಕರೆದುಕೊಂಡು ಹೋದೆ. ಅವರ ವಿಮಾನದ ಟಿಕೆಟ್, ಸಂಬಳ, ಹೆಚ್ಚಿನ ಲಗೇಜಿನ ದುಡ್ಡು ಎಲ್ಲಾ ಸೇರಿ ಅರವತ್ತೈದು ಸಾವಿರ ಆಯಿತು. ಪಾಪ, ಅವರಿಗೆ ಅಲ್ಲಿನ ಮಾರುಕಟ್ಟೆಯಲ್ಲಿ ಮಾತೂ ಬಾರದು, ಹೊಂದಿಸಿಕೊಳ್ಳಲೂ ಆಗಲಿಲ್ಲ. ಐದು ದಿನವೂ ಚಿತ್ರಾನ್ನ, ಉಪ್ಪಿಟ್ಟು.

ನನಗೆ ದಾರಿ ಕಂಡದ್ದು ಸಿಯೆಮ್ ರೀಪ್‌ನ ಫ್ಸಾರ್ ಲ್ಯೂ ಮಾರುಕಟ್ಟೆಯಲ್ಲಿ. ಫ್ಸಾರ್ ಅಂದರೆ ಸಂತೆ. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದರೆ ನುಗ್ಗೆಸೊಪ್ಪು, ಬಾಳೆಹೂವು, ಬೂದುಗುಂಬಳ, ಹೀರೇಕಾಯಿ, ಹಾಗಲ, ಮಾರುದ್ದದ ಅಲಸಂದೆ, ಹಸಿ ಅರಿಶಿನ, ಹುಣಸೆ, ತೆಂಗಿನಕಾಯಿ, ಎಲ್ಲಾ ಇದೆ. ಸಿಹಿ ತಿಂಡಿಗೆಂದು ಸಿಪ್ಪೆ ತೆಗೆದ ಹೆಸರುಬೇಳೆಯನ್ನು ರಾಶಿ ಹಾಕಿ ಮಾರುತ್ತಾರೆ. ಇಷ್ಟೆಲ್ಲಾ ಇಟ್ಟುಕೊಂಡು ನಾನು ಮೈಸೂರಿನಿಂದ ಅಕ್ಕಿ, ಬೇಳೆ ಹೊತ್ತಿದ್ದೆ! ಕರಿಬೇವು, ಸಾಸಿವೆ, ಇಂಗು, ಸಾರಿನ ಪುಡಿ ಇಷ್ಟು ಒಯ್ದರೆ ಸಾಕು.

ಅಡುಗೆಮನೆ ಬಿಟ್ಟುಕೊಡುವ ಗೆಸ್ಟ್‌ಹೌಸ್ ಹುಡುಕಿದೆ. ಯಾವುದು ಅಂತ ಹೇಳಲ್ಲ, ಎಂಟೇ ಕೋಣೆ ಇರೋದು. ಅಲ್ಲಿ ಅಡುಗೆ ಮಾಡುವ ಹೆಂಗಸನ್ನು ಎಲ್ಲರೂ ಮಿಂಗ್ ಅನ್ನುತ್ತಾರೆ, ನಮ್ಮ ಚಿಕ್ಕಮ್ಮ ಇದ್ದ ಹಾಗೆ. ಖ್ಮೇರರಲ್ಲೂ, ಅಂದರೆ ಅಲ್ಲಿನ ಜನರಲ್ಲೂ, ಹೆಸರು ಹಿಡಿದು ಕರೆಯುವುದು ಕಡಿಮೆ. ದೊಡ್ಡವರು ಬಾಂಗ್, ಚಿಕ್ಕವರು ಓನ್, ಅಜ್ಜಿ ಯೆಯ್, ಅಜ್ಜ ತಾ. ನಮ್ಮ ಗುಂಪಿನ ಹೆಂಗಸರು ಮೊದಲ ದಿನವೇ ಯೆಯ್ ಆದರು, ಆಮೇಲೆ ಅವರ ಕೆಲಸ ಯಾವುದೂ ಅಲ್ಲಿ ನಿಲ್ಲಲಿಲ್ಲ.

ಅಡುಗೆಯಲ್ಲಿ ಎಚ್ಚರ ಬೇಕಾದ್ದು ಮಾಂಸಕ್ಕಿಂತ ಎರಡು ವಸ್ತುಗಳ ಬಗ್ಗೆ. ತುಕ್ ತ್ರೈ ಅನ್ನುವ ಮೀನಿನ ರಸ, ಪ್ರಹೊಕ್ ಅನ್ನುವ ಹುಳಿ ಬರಿಸಿದ ಮೀನಿನ ಮುದ್ದೆ. "ಮಾಂಸ ಬೇಡ" ಅಂದರೆ ಮಾಂಸ ಬಿಡುತ್ತಾರೆ, ಇವು ಉಪ್ಪಿನ ಲೆಕ್ಕ, ಬಿದ್ದೇ ಬೀಳುತ್ತವೆ. "ನ್ಯಾಮ್ ಬೂಅಸ್" ಅಂದರೆ ವ್ರತದ ಊಟ ಅಂತ ಅರ್ಥವಾಗುತ್ತೆ, ಜೊತೆಗೆ "ಕೋಮ್ ಡಾಕ್ ತುಕ್ ತ್ರೈ", ಮೀನಿನ ರಸ ಹಾಕಬೇಡಿ, ಇದನ್ನೂ ಹೇಳಿ. ಸಂತೆಯಲ್ಲೇ ಹೊಸ ಬಾಣಲೆ, ಎರಡು ಪಾತ್ರೆ, ಸೌಟು ಕೊಂಡು ಮಿಂಗ್ ಕೈಗೆ ಕೊಟ್ಟೆ. ಎಲ್ಲಾ ಸೇರಿ ಇಪ್ಪತ್ತೈದು ಡಾಲರೋ ಏನೋ. ಮಡಿ ಅನ್ನುವವರಿಗೂ ಸಮಾಧಾನ, ವಾಪಸ್ ಬರುವಾಗ ಅವಳಿಗೇ ಬಿಟ್ಟು ಬಂದೆವು. ಮೂರನೇ ದಿನ ಅವಳು ನಿಂಬೆಹುಲ್ಲು, ಹಸಿ ಅರಿಶಿನ ಜಜ್ಜಿ ಹಾಕಿ ಮಾಡಿದ ಬೂದುಗುಂಬಳದ ಹುಳಿಯನ್ನು ಸೌಟಿನಲ್ಲಿ ಒಂದಿಷ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನನ್ನ ಮುಖ ನೋಡಿದಳು. ಮಾತೇ ಬೇಕಾಗಲಿಲ್ಲ. ಊಟದ ಖರ್ಚು ತಲೆಗೆ ದಿನಕ್ಕೆ ಏಳು ಡಾಲರ್ ದಾಟಲಿಲ್ಲ.

ಇನ್ನು ಗುಡಿಗಳ ವಿಷಯ. ನನ್ನ ಪದ್ಧತಿ ಇಷ್ಟೇ: ಕಟ್ಟಿದ ಕಾಲದ ಕ್ರಮದಲ್ಲೇ ನೋಡುವುದು, ಅಂಗ್ಕೋರ್ ವಾಟನ್ನು ನಾಲ್ಕನೇ ದಿನಕ್ಕೆ ಇಟ್ಟುಕೊಳ್ಳುವುದು. ಏಳು ದಿನದ ಪಾಸು 72 ಡಾಲರ್, ಮೂರು ದಿನದ್ದಕ್ಕಿಂತ ಹತ್ತೇ ಡಾಲರ್ ಹೆಚ್ಚು. ಒಂದು ತಿಂಗಳೊಳಗೆ ಯಾವ ಏಳು ದಿನವಾದರೂ ಆಗುತ್ತೆ, ಸತತ ಹೋಗಬೇಕಿಲ್ಲ. ಮಂಡಿನೋವಿನವರಿಗೆ ಇದೇ ದೊಡ್ಡ ಅನುಕೂಲ, ನಡುವೆ ಒಂದು ದಿನ ಮಲಗಿದರೂ ನಷ್ಟವಿಲ್ಲ.

ಮೊದಲ ದಿನ ಎಲ್ಲಕ್ಕಿಂತ ಹಳೇ ಗುಡಿಗಳಿರುವ ರೊಲುಓಸ್. 879ರ ಪ್ರೆಯಾ ಕೋ ಇಟ್ಟಿಗೆಯ ಗುಡಿ, ಮುಂದೆ ಕಲ್ಲಿನ ನಂದಿಗಳು. ಕೋ ಅಂದರೆ ಗೋವೇ. ಬಾಗಿಲ ಚೌಕಟ್ಟಿನಲ್ಲಿ ಸಂಸ್ಕೃತ ಶಾಸನ. ಪಕ್ಕದಲ್ಲೇ 881ರ ಬಾಕೋಂಗ್, ಮೇರು ಪರ್ವತದ ಹಾಗೆ ಕಟ್ಟಿದ ಐದು ಅಂತಸ್ತಿನ ಗುಡಿ. ಎರಡನೇ ದಿನ 961ರ ಪ್ರೆ ರೂಪ್, 967ರ ಬಂತೆಯ್ ಸ್ರೈ. ಬಂತೆಯ್ ಸ್ರೈನಲ್ಲಿ ರಾವಣ ಕೈಲಾಸ ಎತ್ತುವುದು, ಕಾಮದಹನ, ಖಾಂಡವ ವನ, ವಾಲಿ ಸುಗ್ರೀವರ ಜಗಳ. ಗೈಡ್ ಬಾಯಿ ತೆರೆಯುವ ಮೊದಲೇ ನಮ್ಮವರು ಅವನಿಗೆ ಕತೆ ಹೇಳುತ್ತಿದ್ದರು. ಗುಲಾಬಿ ಮರಳುಗಲ್ಲಿನಲ್ಲಿ ಅಷ್ಟು ಆಳದ ಕೆತ್ತನೆ ನೋಡಿ ಹಾಸನದವರೊಬ್ಬರು, "ಇದು ಬೇಲೂರಿಗಿಂತ ನೂರೈವತ್ತು ವರ್ಷ ಹಿಂದಿನದಾ?" ಅಂತ ಮತ್ತೆ ಮತ್ತೆ ಕೇಳಿದರು. ಇಟ್ಟಿಗೆಯಿಂದ ಕಲ್ಲಿಗೆ, ಒಂಟಿ ಗೋಪುರದಿಂದ ಐದು ಗೋಪುರಕ್ಕೆ ಹೇಗೆ ಬಂದರು ಅನ್ನುವುದು ಹೀಗೆ ಕ್ರಮವಾಗಿ ನೋಡಿದರೆ ತಾನೇ ತಿಳಿಯುತ್ತೆ. ಆಮೇಲೆ "ಎಲ್ಲಾ ಒಂದೇ ಥರ" ಅನ್ನುವ ಮಾತು ಬರಲಿಲ್ಲ. ಎರಡನೇ ದಿನ ರಾತ್ರಿ ಮಾತ್ರ, "ಅಂಗ್ಕೋರ್ ವಾಟ್ ಯಾವಾಗ?" ಅಂತ ಇಬ್ಬರು ಸಿಟ್ಟಾದರು. ಗಟ್ಟಿಯಾಗಿ ನಿಂತೆ.

ನಾಲ್ಕನೇ ದಿನ ಕಂದಕದ ಸೇತುವೆ ದಾಟುವಾಗ ಹೇಳಿದೆ: ಇದನ್ನು ಕಟ್ಟಿಸಿದ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ, ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಇಬ್ಬರೂ ವಿಷ್ಣುವಿಗೇ ಕಟ್ಟಿಸಿದ್ದು. ಎಲ್ಲರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪಶ್ಚಿಮದ ಬಾಗಿಲ ಬಲಗಡೆ ಎಂಟು ಕೈಯ ವಿಷ್ಣು ಇದ್ದಾನೆ, ತಾ ರೀಚ್ ಅಂತ ಇವತ್ತಿಗೂ ಊದುಬತ್ತಿ ಹಚ್ಚಿ ಪೂಜಿಸುತ್ತಾರೆ. ನೇರ ಒಳಗೆ ಓಡುವ ಗುಂಪುಗಳು ಅವನನ್ನು ನೋಡುವುದೇ ಇಲ್ಲ.

ಗೋಡೆಯ ಉಬ್ಬು ಚಿತ್ರಗಳನ್ನು ಒಳಗೆ ಹೋಗಿ ಬಲಕ್ಕೆ ತಿರುಗಿ, ಅಪ್ರದಕ್ಷಿಣವಾಗಿ ಓದಬೇಕು. ಇದಕ್ಕೆ ಒಬ್ಬರು ಒಪ್ಪಲೇ ಇಲ್ಲ, ಗುಡಿಯಲ್ಲಿ ಅಪ್ರದಕ್ಷಿಣೆ ಬರಬಾರದು ಅಂತ. ಪಶ್ಚಿಮಮುಖದ ಗುಡಿ, ಅಪರಕರ್ಮದ ನಂಟು ಇದೆ ಅಂತ ಪಂಡಿತರು ಹೇಳುತ್ತಾರೆ ಅಂದ ಮೇಲೆ ಬಂದರು. ಮೊದಲು ಸಿಗುವುದೇ ಕುರುಕ್ಷೇತ್ರ, ಮೇಲುಗಡೆ ಶರಶಯ್ಯೆಯ ಭೀಷ್ಮ. ಆಮೇಲೆ ಸೂರ್ಯವರ್ಮನ ಮೆರವಣಿಗೆ, ಯಮನ ನ್ಯಾಯ, ಮೂಡಣ ಗೋಡೆಯಲ್ಲಿ ಸಮುದ್ರಮಥನ. ಇಲ್ಲೇ ಮಳೆಗಾಲ ಕೈ ಹಿಡಿದದ್ದು. ಈ ಪಡಸಾಲೆಗಳಿಗೆ ಸೂರು ಇದೆ. ಮಧ್ಯಾಹ್ನ ಮಳೆ ಹೊಯ್ಯುವಾಗ ಬೇರೆಯವರೆಲ್ಲಾ ವ್ಯಾನಿಗೆ ಓಡುತ್ತಾರೆ, ನಾವು ಅಲ್ಲೇ ಕೂತು ಎರಡು ಗಂಟೆ ಭೀಷ್ಮನನ್ನು ನೋಡಿದೆವು. ಅದಕ್ಕೇ ಈ ಪಡಸಾಲೆಗಳನ್ನು ಎರಡು ಮಧ್ಯಾಹ್ನಕ್ಕೆ ಹಂಚುತ್ತೇನೆ. ಬಕಾನ್ ಅನ್ನುವ ಎಲ್ಲಕ್ಕಿಂತ ಮೇಲಿನ ಅಂತಸ್ತಿಗೆ ಹತ್ತಲು ಭುಜ, ಮಂಡಿ ಮುಚ್ಚಿರಬೇಕು, ಬೌದ್ಧರ ಪರ್ವದಿನಗಳಲ್ಲಿ ಮುಚ್ಚಿರುತ್ತೆ. ಸೀರೆಯುಟ್ಟವರು ಕಚ್ಚೆ ಹಾಕಿಕೊಂಡು ಹತ್ತಿದರು, ಚಡ್ಡಿ ಹಾಕಿಬಂದ ಗಂಡಸರಿಬ್ಬರು ಕೆಳಗೇ ಉಳಿದರು. ತಾ ಪ್ರೋಮ್ ಗುಡಿಯನ್ನು ಜನವಿಲ್ಲದೆ ನೋಡುವ ಹೊತ್ತು ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಗೋಪುರಗಳ ಮೇಲೆ ದೊಡ್ಡ ಮುಖಗಳಿರುವ ಬಾಯೋನ್ ಗುಡಿ ಕೊನೆಗೆ. ಮುಖಗಳಿಗಿಂತ ಕೆಳಗಿನ ಗೋಡೆ ನೋಡಿಸಿ: ಸಂತೆ, ಮೀನು ಹಿಡಿಯುವುದು, ಅಡುಗೆ, ಕೋಳಿ ಅಂಕ. ಪುತ್ತೂರಿನವರೊಬ್ಬರು ಆ ಕೋಳಿ ಅಂಕದ ಮುಂದೆ ಅರ್ಧ ಗಂಟೆ ನಿಂತರು, ಕೋಳಿ ಹಿಡಿದ ಕೈಯ ಭಂಗಿ ತಮ್ಮೂರಿನದೇ ಅಂತ.

ದಿನದ ಲೆಕ್ಕ: ಐದೂವರೆಗೆ ಎದ್ದು ಏಳಕ್ಕೆ ಹೊರಟು, ಹನ್ನೊಂದೂವರೆಗೆ ವಾಪಸ್, ಊಟ, ನಿದ್ದೆ, ಮೂರೂವರೆಗೆ ಮತ್ತೆ. ಮಳೆ ಬಹುಮಟ್ಟಿಗೆ ಮಧ್ಯಾಹ್ನವೇ. ಜಂಬಿಟ್ಟಿಗೆ ಕಲ್ಲು ಪಾಚಿ ಕಟ್ಟಿ ಜಾರುತ್ತೆ. 2024ರಲ್ಲಿ ನುಣ್ಣನೆಯ ಅಟ್ಟೆಯ ಚಪ್ಪಲಿಯಲ್ಲಿ ಒಬ್ಬರು ಬಿದ್ದು ಮಣಿಕಟ್ಟು ಉಳುಕಿತು. ಈ ಸಲ ಹೊರಡುವ ಮೊದಲೇ ನಮ್ಮ ಮನೆಯ ಅಂಗಳ ತೊಯಿಸಿ, ಎಲ್ಲರ ಚಪ್ಪಲಿಯನ್ನೂ ನಡೆಸಿ ನೋಡಿದೆ.

2024ರ ದೊಡ್ಡ ತಪ್ಪು ಬೇರೆಯೇ. ಖ್ಮೇರರಿಗೂ ಭಾದ್ರಪದ ಇದೆ, ಫೋತ್ರಬೋತ್ ಅನ್ನುತ್ತಾರೆ. ಅದರ ಕೃಷ್ಣಪಕ್ಷದ ಹದಿನೈದು ದಿನ ಅವರೂ ಹಿರಿಯರಿಗೆ ಅನ್ನ ಇಡುತ್ತಾರೆ, ಪ್ಚುಮ್ ಬೆನ್ ಅಂತ. ಬೆನ್ ಅಂದರೆ ಪಿಂಡ. ನಮ್ಮ ಮಹಾಲಯ ಅಮಾವಾಸ್ಯೆಯ ಆಸುಪಾಸಿನ ಮೂರು ದಿನ ಊರಿಗೆ ಊರೇ ರಜ. ನಾನು ಗೊತ್ತಿಲ್ಲದೆ ಆ ಮೂರು ದಿನವನ್ನೂ ಸೇರಿಸಿ ಟಿಕೆಟ್ ಮಾಡಿದ್ದೆ. ಮಿಂಗ್ ಹಳ್ಳಿಗೆ ಹೋದಳು, ಡ್ರೈವರ್ ಹೋದ, ಅಂಗಡಿ ಮುಚ್ಚಿತು. ಈ ಸಲ ಅಮಾವಾಸ್ಯೆಗೆ ಹಿಂದಿನ ದಿನ ಹೊರಟುಬಿಟ್ಟೆವು.

ಆದರೆ ಆ ಪಕ್ಷದಲ್ಲಿ ಅಲ್ಲಿರುವುದೇ ಒಂದು ಪುಣ್ಯ. ಬೆಳಗಿನ ಜಾವ ನಾಲ್ಕಕ್ಕೆ ಮಿಂಗ್ ನಮ್ಮಲ್ಲಿ ಐವರನ್ನು ಹತ್ತಿರದ ವಾಟ್‌ಗೆ, ಅಂದರೆ ಬೌದ್ಧ ಮಠಕ್ಕೆ, ಕರೆದುಕೊಂಡು ಹೋದಳು. ಕತ್ತಲು, ಒದ್ದೆ ನೆಲ, ಬರಿಗಾಲು. ತಟ್ಟೆಯಲ್ಲಿ ಅಂಟು ಅಕ್ಕಿಯ ಅನ್ನದ ಉಂಡೆ, ಎಳ್ಳು ಕಲಸಿದ್ದು, ಒಂದು ಮೇಣದ ಬತ್ತಿ. ವಿಹಾರದ ಸುತ್ತ ನಡೆಯುತ್ತಾ ಒಂದೊಂದೇ ಉಂಡೆಯನ್ನು ಕತ್ತಲಿಗೆ ಎಸೆಯುತ್ತಾರೆ, ಬೆಳಕು ಹರಿಯುವ ಮೊದಲು ಮುಗಿಯಬೇಕು. ನಮ್ಮಲ್ಲೊಬ್ಬರು ಮಿಂಗ್‌ನ ಕೇಳಿ ಒಂದು ಉಂಡೆ ತಗೊಂಡು, ತಮ್ಮ ತಾಯಿಯ ಹೆಸರು ಹೇಳಿ ಎಸೆದರು. ಇಲ್ಲಿ ಒಂದು ಮಾತು. 1975ರಿಂದ 79ರವರೆಗೆ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಅಲ್ಲಿ ಲಕ್ಷಗಟ್ಟಲೆ ಜನ ಸತ್ತದ್ದು ನಿಮಗೆ ಗೊತ್ತು. ಮೊದಲ ಸಲ ನಮ್ಮವರೊಬ್ಬರು ಗೈಡ್‌ಗೆ, "ನಿಮ್ಮ ತಂದೆಯವರು ಏನು ಕೆಲಸದಲ್ಲಿದ್ದರು?" ಅಂತ ಸಹಜವಾಗಿ ಕೇಳಿಬಿಟ್ಟರು, ಅವರು ಬಹಳ ಹೊತ್ತು ಮಾತಾಡಲಿಲ್ಲ. ಐವತ್ತು ದಾಟಿದ ಯಾರನ್ನೂ ಮನೆಯವರ ಬಗ್ಗೆ ನಾವಾಗಿ ಕೇಳಬಾರದು ಅಂತ ಈಗ ಹೊರಡುವ ಮೊದಲೇ ಹೇಳಿರುತ್ತೇನೆ.

ಎರಡು ಪ್ರಯೋಗ ಮಾಡಿದೆ. ಸ್ಬೆಕ್ ಥೊಮ್ ಅನ್ನುವ ದೊಡ್ಡ ತೊಗಲು ಬೊಂಬೆಯಾಟ ನೋಡಿದೆವು. ನಮ್ಮ ತೊಗಲು ಗೊಂಬೆಯ ಹಾಗೆ ಕೈಕಾಲು ಆಡುವುದಿಲ್ಲ, ಇಡೀ ತೊಗಲು ಒಂದೇ ಚಿತ್ರ, ಹಿಡಿದವರೇ ಕುಣಿಯುತ್ತಾರೆ. ರಾಮಾಯಣವೇ, ರೆಯಾಮ್‌ಕೇರ್ ಅನ್ನುತ್ತಾರೆ. ಊಟದ ಹೋಟೆಲಿನ ಅಪ್ಸರಾ ನೃತ್ಯಕ್ಕಿಂತ ನಮ್ಮವರಿಗೆ ಇದೇ ಹಿಡಿಸಿತು. ಇನ್ನೊಂದು, ಬಂತೆಯ್ ಸ್ರೈ ದಾರಿಯ ಪ್ರೆಯಾ ಡಾಕ್ ಹಳ್ಳಿಯಲ್ಲಿ ಕಾಯಿಸುವ ತಾಳೆ ಬೆಲ್ಲ. ಗರಿಯಲ್ಲಿ ಸುತ್ತಿ ಕೊಡುತ್ತಾರೆ. ಕಾಯಿಹಾಲಿಗೆ ಹಾಕಿ ಹೆಸರುಬೇಳೆ ಪಾಯಸ ಮಾಡಿದೆ, ಬಹಳ ಚೆನ್ನಾಯಿತು. ನಾಲ್ಕು ಕಿಲೋ ಮೈಸೂರಿಗೂ ತಂದೆ, ಹೋಳಿಗೆಗೆ ಆಗಲಿಲ್ಲ, ಹೂರಣ ನೀರಾಯಿತು. ರಸ್ತೆ ಬದಿ ಬಿದಿರಿನಲ್ಲಿ ಸುಟ್ಟ ಕ್ರಲಾನ್, ಅಂಟಕ್ಕಿ, ಕಾಯಿಹಾಲು, ಕಾಳು, ಧೈರ್ಯವಾಗಿ ತಿನ್ನಿಸಿ.

ದುಡ್ಡಿನ ವಿಷಯ. ಡಾಲರ್ ನಡೆಯುತ್ತೆ, ಅಲ್ಲಿನ ನಾಲ್ಕು ಸಾವಿರ ರಿಯಲ್‌ಗೆ ಒಂದು ಡಾಲರ್ ಅಂದಾಜು. ಆದರೆ ನೋಟಿನ ಅಂಚು ಕೂದಲೆಳೆಯಷ್ಟು ಹರಿದಿದ್ದರೂ ತಗೊಳ್ಳುವುದಿಲ್ಲ. ಇಲ್ಲಿ ಹಣ ಬದಲಿಸಿಕೊಟ್ಟವರು ನೂರರ ನೋಟು ಅಂಥದ್ದೇ ಕೊಟ್ಟಿದ್ದರು, ಐದು ಕಡೆ ತೋರಿಸಿ ವಾಪಸ್ ತಂದೆ. ಈಗ ಕೌಂಟರಿನಲ್ಲೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡದೆ ಏಳುವುದಿಲ್ಲ. 2023ರಲ್ಲಿ ತೆರೆದ ಹೊಸ ವಿಮಾನ ನಿಲ್ದಾಣ ಪೇಟೆಯಿಂದ ಒಂದು ಗಂಟೆ ದೂರ, ಹಳೇ ಲೆಕ್ಕದಲ್ಲಿ ವ್ಯಾನ್ ಹೇಳಬೇಡಿ.

2025ರ ಜುಲೈನಲ್ಲಿ ಥಾಯ್ ಗಡಿಯಲ್ಲಿ ಕಾಳಗ ಆದದ್ದಕ್ಕೆ ಮೂವರು ಹೆಸರು ವಾಪಸ್ ತಗೊಂಡರು. ನಾವು ಕ್ವಾಲಾಲಂಪುರದ ಮೇಲೆ ಹೋದೆವು, ಗಡಿಯ ಪ್ರೆಯಾ ವಿಹಿಯರ್ ಗುಡಿಯ ಆಸೆಯನ್ನೇ ಬಿಟ್ಟೆವು. ನೀವೂ ಹೊರಡುವ ವಾರ ಗಡಿಯ ಸುದ್ದಿ ನೋಡಿಕೊಳ್ಳಿ.

ಈ ಸಲದ ಲೆಕ್ಕ, ನೆನಪಿನಿಂದ: ವಿಮಾನ 32 ಸಾವಿರ, ವೀಸಾ 30 ಡಾಲರ್, ಪಾಸು ಆರೂಕಾಲು ಸಾವಿರ, ವಾಸ್ತವ್ಯ ಒಂಬತ್ತು ರಾತ್ರಿಗೆ ಎಂಟೂವರೆ ಒಂಬತ್ತು ಸಾವಿರ (ಡಿಸೆಂಬರಿನಲ್ಲಿ ಇದೇ ಕೋಣೆಗೆ ದುಪ್ಪಟ್ಟು ಕೇಳಿದ್ದರು), ವ್ಯಾನು ಗೈಡು ಸೇರಿ ಆರು, ಊಟ ಐದೂವರೆ, ಕೊಂಪೊಂಗ್ ಫ್ಲುಕ್ ಹಳ್ಳಿಯ ದೋಣಿ, ವಿಮೆ, ಚಿಲ್ಲರೆ ನಾಲ್ಕು. ತಲೆಗೆ 65 ಸಾವಿರದ ಹತ್ತಿರ. ನಾನು ತಗೊಂಡದ್ದು 72. ನನ್ನ ಖರ್ಚು ಕಳೆದು ಹನ್ನೆರಡು ಸಾವಿರ ಚಿಲ್ಲರೆ ಉಳಿಯಿತು. ದೊಡ್ಡ ದುಡ್ಡಲ್ಲ, ಆದರೆ ಅಂಗ್ಕೋರಿನಲ್ಲಿ ನನಗೆ ಉಳಿದ ಮೊದಲ ದುಡ್ಡು. ಬೇಡ ಅಂದ ಮೂವರಲ್ಲಿ ಒಬ್ಬರು ಹೋದ ವಾರ ಫೋನ್ ಮಾಡಿ ಗೆಸ್ಟ್‌ಹೌಸ್ ನಂಬರ್ ಕೇಳಿದರು. ಮಿಂಗ್‌ನ ಕೇಳಿ ಹೇಳ್ತೀನಿ ಅಂದಿದ್ದೇನೆ.