ಇಲಿಯ ಶ್ವಾಸಕೋಶದಲ್ಲಿ ಸೊನ್ನೆಯನ್ನು ನಂಬುವ ಮುನ್ನ

ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶ ಕೆಲಸಕ್ಕಿಳಿಯಲು ವೈರಸ್ಸಿನ ತುಣುಕನ್ನು ಗುರುತಿಸಿದರೆ ಸಾಲದು. ಎದುರಿನ ಕೋಶದ ಮೇಲಿನ ಸಿಡಿ80, ಸಿಡಿ86 ಎಂಬ ಪ್ರೋಟೀನ್‌ಗಳಿಂದ ಟಿ ಕೋಶದ ಸಿಡಿ28 ಎಂಬ ಪ್ರೋಟೀನ್‌ಗೆ ಎರಡನೇ ಸಂಕೇತವೂ ಸಿಗಬೇಕು. ಪಾಠ ಇಷ್ಟೇ, ಆದರೆ ಎಂಎಚ್‌ವಿ-68 ಎಂಬ ಇಲಿಯ ಹರ್ಪಿಸ್ ವೈರಸ್ ಇದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಸಿಡಿ28 ಇಲ್ಲದ ಇಲಿಗಳಲ್ಲಿ ಪ್ರತಿಕಾಯ ಕುಂದಿದರೂ ಸೋಂಕು ಹತೋಟಿಗೆ ಬರುತ್ತದೆ. ಸಿಡಿ80, ಸಿಡಿ86 ಎರಡೂ ಇಲ್ಲದವುಗಳಲ್ಲಿ ಒಮ್ಮೆ ತಗ್ಗಿದ ವೈರಸ್ ವಾರಗಳು ಕಳೆದ ಮೇಲೆ ಶ್ವಾಸಕೋಶದಲ್ಲಿ ಮತ್ತೆ ತಲೆಯೆತ್ತುತ್ತದೆ. ಹಾಗಾಗಿ ಸೋಂಕಿನ ಏಳನೇ ದಿನದ ವೈರಸ್ ಎಣಿಕೆ ಒಂದನ್ನೇ ನೆಚ್ಚಿದರೆ ಮೋಸ. ನಿಜವಾದ ವ್ಯತ್ಯಾಸ ಇರುವುದು ಕೊನೆಯ ಮಾದರಿಗಳಲ್ಲಿ, ಅಲ್ಲಿ ಸಿಗುವುದು ಬೆರಳೆಣಿಕೆಯ ಪ್ಲಾಕ್‌ಗಳು, ಅಂದರೆ ಕೋಶಗಳ ಪದರದಲ್ಲಿ ವೈರಸ್ ಕೊರೆದ ತೂತುಗಳು.

ಇಲಿಗಳಿರುವುದು ಬೆಂಗಳೂರಿನಲ್ಲಿ. ಬಳ್ಳಾರಿಯ ನಮ್ಮ ಲ್ಯಾಬಿಗೆ ಬರುವುದು ಡ್ರೈ ಐಸ್‌ನಲ್ಲಿಟ್ಟ ಶ್ವಾಸಕೋಶ ಮಾತ್ರ. ಟ್ಯೂಬಿನ ಮುಚ್ಚಳ ಸಡಿಲವಿದ್ದರೆ ಇಂಗಾಲದ ಡೈಆಕ್ಸೈಡ್ ಒಳಸೇರಿ ದ್ರವ ಹುಳಿಯಾಗುತ್ತದೆ, ವೈರಸ್ ಸಾಯುತ್ತದೆ. ಸ್ಕ್ರೂ ಮುಚ್ಚಳ, ಮೇಲೊಂದು ಸುತ್ತು ಪ್ಯಾರಾಫಿಲ್ಮ್ (ಮೇಣದಂಥ ಹಿಗ್ಗುವ ಪಟ್ಟಿ) ಬೇಕೇ ಬೇಕು. ಕರಗಿಸುವಾಗ ಮಾಧ್ಯಮದ (ಕೋಶ ಬೆಳೆಸುವ ದ್ರವದ) ಬಣ್ಣ ಹುಳಿಯಿಂದ ಹಳದಿಗೆ ತಿರುಗಿದ್ದರೆ ಆ ಮಾದರಿಯ ಸೊನ್ನೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಡೀ ಶ್ವಾಸಕೋಶವನ್ನು 1 ಮಿಲಿಲೀಟರ್ ಮಾಧ್ಯಮದಲ್ಲಿ ಐಸಿನ ಮೇಲೆ ಅರೆದು, ಚೂರುಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ತಳಕ್ಕಿಳಿಸಬೇಕು. ಆರು ಗುಳಿಯ ಪ್ಲೇಟಿನಲ್ಲಿ 3ಟಿ3 ಎಂಬ ಇಲಿಯ ಕೋಶಗಳ ಮೇಲೆ ಗುಳಿಗೆ 200 ಮೈಕ್ರೋಲೀಟರ್. ಒಂದೇ ಗುಳಿಗೆ ಹಾಕಿದರೆ ನೋಡಿದ್ದು ಐದರಲ್ಲೊಂದು ಪಾಲು, ಸೊನ್ನೆ ಬಂದರೆ ಅದು ಇಡೀ ಶ್ವಾಸಕೋಶಕ್ಕೆ ‘5ಕ್ಕಿಂತ ಕಡಿಮೆ’ ಎಂದಷ್ಟೇ, ಇಲ್ಲವೇ ಇಲ್ಲ ಎಂದಲ್ಲ. ಅದಕ್ಕೇ ಐದು ಗುಳಿಗೆ ಹಾಕುತ್ತೇನೆ. ಆರನೆಯದಕ್ಕೆ ಸೋಂಕಿಲ್ಲದ ಇಲಿಯ ಶ್ವಾಸಕೋಶದ ರಸ, ಅದರಲ್ಲಿ ಸುಮಾರು 50 ಪ್ಲಾಕ್ ಕೊಡುವಷ್ಟು ವೈರಸ್. ಅಲ್ಲಿ 20 ಮಾತ್ರ ಕಂಡರೆ ರಸವೇ ಕೋಶಗಳನ್ನು ಕೆಡಿಸುತ್ತಿದೆ ಎಂದರ್ಥ. 15 ನಿಮಿಷಕ್ಕೊಮ್ಮೆ ಪ್ಲೇಟನ್ನು ಓಲಾಡಿಸುತ್ತ ಒಂದು ಗಂಟೆ ಬಿಟ್ಟು, ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ತೊಳೆದುಬಿಟ್ಟರೆ ಈ ತೊಂದರೆ ಬಹುಪಾಲು ತೀರುತ್ತದೆ.

ವೈರಸ್ ದೂರ ಹರಡದಂತೆ ಹಾಕುವ ಮೇಲುಹೊದಿಕೆಗೆ 3% ಸಿಎಂಸಿ (ದ್ರವವನ್ನು ಮಂದಗೊಳಿಸುವ ಪುಡಿ) ಮತ್ತು ದುಪ್ಪಟ್ಟು ಸಾಂದ್ರತೆಯ ಮಾಧ್ಯಮ, ಸಮಸಮ. ಪುಡಿಯನ್ನು ಒಮ್ಮೆಲೇ ಸುರಿದರೆ ಅಂಬಲಿಗೆ ಜೋಳದ ಹಿಟ್ಟು ಸುರಿದಂತೆ ಗಂಟು ಕಟ್ಟುತ್ತದೆ, ಉದುರಿಸುತ್ತ ಕಲಕಬೇಕು. ಆಮೇಲೆ ಆರು ದಿನ ಪ್ಲೇಟನ್ನು ಅಲುಗಿಸಬಾರದು. ಅಲುಗಿದರೆ ಪ್ಲಾಕ್‌ಗೆ ಬಾಲ ಬೆಳೆದು ಒಂದು ಎರಡಾಗಿ ಕಾಣುತ್ತದೆ.

ಏಪ್ರಿಲ್-ಮೇ ಇಲ್ಲಿ ಬೇರೆಯೇ ಕಥೆ. ಸಾಮಾನ್ಯ ಇನ್‌ಕ್ಯುಬೇಟರ್ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಹೊರಗೆ 42 ಡಿಗ್ರಿ, ಕೋಣೆಯಲ್ಲಿ ಎಸಿ ಬಂದ್ ಎಂದರೆ ಒಳಗಿನ 37 ಮೇಲಕ್ಕೇರುತ್ತದೆ, ಕೋಶಗಳು ಹಾಳೆಯಂತೆ ಏಳುತ್ತವೆ. ಬ್ಯಾಕಪ್ ಕೊಡುವಾಗ ಎಸಿಯನ್ನೂ ಅದೇ ಲೈನಿಗೆ ಸೇರಿಸಿ. ಇನ್‌ಕ್ಯುಬೇಟರ್‌ಗೆ ಮಾತ್ರ ಕರೆಂಟ್ ಇದ್ದರೆ ಪ್ರಯೋಜನವಿಲ್ಲ.

ಗುಲ್ಮವನ್ನು (ಸ್ಪ್ಲೀನ್) ಹೆಪ್ಪುಗಟ್ಟಿಸಿ ಕಳಿಸಿದರೆ ಅದರ ಕೋಶಗಳಲ್ಲಿ ಅಡಗಿ ಮಲಗಿರುವ ಸುಪ್ತ ವೈರಸ್ ಎಣಿಸಲಾಗದು. ಅದು ಜೀವಂತ ಕೋಶದೊಳಗಿಂದ ಏಳಬೇಕು. ಒಡೆದ ಕೋಶದಿಂದ ಬರುವುದು ಆಗಲೇ ತಯಾರಾಗಿದ್ದ ವೈರಸ್ ಮಾತ್ರ. ಗುಲ್ಮದ ಕೆಲಸ ಬೆಂಗಳೂರಲ್ಲೇ ಅದೇ ದಿನ ಆಗಲಿ.