ಓದುವವರು ಇದ್ದಾರೆ, ಮನೆಗೆ ಹಾಕುವವರು ಇಲ್ಲ: ಪೇಪರ್ ಏಜೆಂಟನ ಅನುಭವ

ಪೇಪರ್ ಓದುವವರೇ ಇಲ್ಲ, ಎಲ್ಲ ಮೊಬೈಲಿಗೆ ಹೋದರು ಅಂತ ಯಾರಾದರೂ ಹೇಳಿದರೆ ನಾನು ಹೂಂ ಅಂದು ಸುಮ್ನಾಗುತ್ತೇನೆ. ಬೆಳಗಿನ ಜಾವ ಎದ್ದವನಿಗೆ ವಾದ ಮಾಡುವ ತ್ರಾಣ ಇರುವುದಿಲ್ಲ. ಆದರೆ ಭದ್ರಾವತಿಯಲ್ಲಿ ತೊಂಬತ್ತರ ದಶಕದಿಂದ ಏಜೆನ್ಸಿ ನಡೆಸುತ್ತಿರುವ ನನಗೆ ಕಂಡದ್ದು ಸ್ವಲ್ಪ ಬೇರೆ. ಮೊಬೈಲ್ ಹೊಡೆತ ಕೊಟ್ಟಿದ್ದು ನಿಜ, ಇಲ್ಲ ಅನ್ನುವುದಿಲ್ಲ. ಆದರೆ ಪೇಪರ್ ನಿಂತುಹೋದ ಮನೆಗಳಲ್ಲಿ ಎಷ್ಟೋ ಮನೆಯವರು ಬೇಡ ಅಂದೇ ಇರಲಿಲ್ಲ. ಅಲ್ಲಿಗೆ ಹಾಕುವುದನ್ನು ನಾವೇ ನಿಲ್ಲಿಸಿದ್ದೆವು. ಅದು ಯಾಕೆ ಅಂತ ಹೇಳಬೇಕಾದರೆ ಲೈನ್ ಲೆಕ್ಕ ಹೇಳಬೇಕು.

ಲೈನ್ ಅಂದರೆ ಒಬ್ಬ ಹುಡುಗ ಬೆಳಗ್ಗೆ ಸೈಕಲ್‌ನಲ್ಲಿ ಹಾಕಿ ಮುಗಿಸುವ ಮನೆಗಳ ಸಾಲು. ಪೇಪರಿಗೆ 6 ರೂಪಾಯಿ, ಅದರಲ್ಲಿ ಏಜೆಂಟಿಗೆ ಕಾಲುಭಾಗ ಅಂತ ಇಟ್ಟುಕೊಳ್ಳಿ, ಲೆಕ್ಕಕ್ಕೆ ಸುಲಭ. ಒಂದು ಪ್ರತಿಗೆ ಒಂದೂವರೆ ರೂಪಾಯಿ. ನೂರು ಮನೆ ಇದ್ದರೆ ತಿಂಗಳಿಗೆ 4500. ಹುಡುಗನಿಗೆ 2000 ಕೊಟ್ಟರೂ ನನಗೆ ಏನೋ ಉಳಿಯುತ್ತದೆ. ಅದೇ ಲೈನ್‌ನಲ್ಲಿ 35 ಮನೆ ಉಳಿದರೆ? 1575. ಹುಡುಗನ ಸಂಬಳಕ್ಕೇ ಸಾಲದು. ಆದರೆ ಅವನು ಸುತ್ತಬೇಕಾದ ಬೀದಿಗಳು ಅಷ್ಟೇ ಇರುತ್ತವೆ, ನಾಯಿಗಳೂ ಅಷ್ಟೇ ಇರುತ್ತವೆ. ಕೊನೆಗೆ ಏಜೆಂಟ್ ಆ ಲೈನ್ ಕೈಬಿಡುತ್ತಾನೆ. ಪೇಪರ್ ಬೇಕು ಅನ್ನುತ್ತಿದ್ದ ಆ 35 ಮನೆಗೂ ನಿಂತುಹೋಗುತ್ತದೆ. ಆಮೇಲೆ ಅವರನ್ನೂ ಮೊಬೈಲಿಗೆ ಹೋದವರ ಲೆಕ್ಕಕ್ಕೆ ಸೇರಿಸುತ್ತಾರೆ.

ನಮ್ಮೂರಿನ ಕತೆಯಲ್ಲಿ ಇನ್ನೊಂದು ಗಂಟಿದೆ. ಪೇಪರ್ ಅಚ್ಚು ಹಾಕುವ ಕಾಗದವೇ ಇಲ್ಲಿ ತಯಾರಾಗುತ್ತಿತ್ತು. ಮೈಸೂರು ಪೇಪರ್ ಮಿಲ್ಸ್, ನಮ್ಮ ಬಾಯಲ್ಲಿ ಎಂಪಿಎಂ, ಮಹಾರಾಜರ ಕಾಲದಲ್ಲಿ 1937ರಲ್ಲಿ ಶುರುವಾದದ್ದು. ಎಂಬತ್ತರ ದಶಕದಿಂದ ಅಲ್ಲಿ ನ್ಯೂಸ್‌ಪ್ರಿಂಟ್ ಮಾಡುತ್ತಿದ್ದರು. ಆ ಕಡೆ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ, ಈ ಕಡೆ ಎಂಪಿಎಂ. ನ್ಯೂಟೌನ್ ಮತ್ತು ಕಾಗದನಗರದ ಕ್ವಾರ್ಟರ್ಸ್ ಅಂದರೆ ಏಜೆಂಟಿಗೆ ಬಂಗಾರದ ಲೈನ್. ಮನೆ ಪಕ್ಕ ಮನೆ, ಸಾಲುಸಾಲು. ತಿಂಗಳ ಸಂಬಳ ಬಂದ ಕೂಡಲೇ ಬಿಲ್ ಚುಕ್ತಾ. ಶಿಫ್ಟಿಗೆ ಹೋಗುವ ಮುಂಚೆ ಪೇಪರ್ ಬರಲಿಲ್ಲ ಅಂದರೆ ಮಾತ್ರ ಜಗಳ. ಕನ್ನಡ ಒಂದು, ಇಂಗ್ಲಿಷ್ ಒಂದು, ವಾರಕ್ಕೆ ಸುಧಾ ಅಥವಾ ತರಂಗ, ತಿಂಗಳಿಗೆ ಮಯೂರ ಅಥವಾ ಕಸ್ತೂರಿ, ಇಷ್ಟೂ ಒಂದೇ ಮನೆಗೆ ಹೋಗುತ್ತಿದ್ದ ಕಾಲ ಅದು. ತಮಿಳು, ತೆಲುಗು, ಮಲಯಾಳಂ ಪೇಪರ್ ತರಿಸುವ ಮನೆಗಳೂ ಇದ್ದವು. ಕಾರ್ಖಾನೆ ಊರಲ್ವಾ.

1999ರಲ್ಲಿ ವಿಜಯ ಕರ್ನಾಟಕ ಬಂದಾಗ ನಮ್ಮ ಕೆಲಸದ ರೂಪವೇ ಬದಲಾಯಿತು. ಅದನ್ನು ಶುರು ಮಾಡಿದ ವಿಜಯ ಸಂಕೇಶ್ವರರದ್ದು ಲಾರಿ ಸಾರಿಗೆಯ ಕಂಪನಿ. ಬಂಡಲ್ ಬೇಗ ತಲುಪಿಸುವುದು ಹೇಗೆ ಅಂತ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬೆಲೆ ಕಡಿಮೆ ಇಟ್ಟರು, ಜಿಲ್ಲೆಯ ಸುದ್ದಿಗೆ ಜಾಗ ಜಾಸ್ತಿ ಕೊಟ್ಟರು. ಉಳಿದ ಪೇಪರಿನವರೂ ಅದೇ ದಾರಿ ಹಿಡಿದರು. ಅದುವರೆಗೆ ಪೇಪರ್ ತರಿಸದಿದ್ದ ಹೊಸಮನೆ, ಹಳೇನಗರದ ಸಣ್ಣ ಸಣ್ಣ ಮನೆಗಳು ಆಗ ನನ್ನ ಪಟ್ಟಿಗೆ ಸೇರಿದವು. ತಮ್ಮ ವಾರ್ಡಿನ ಚರಂಡಿ ಫೋಟೋ ಪೇಪರಿನಲ್ಲಿ ಬರುತ್ತದೆ ಅಂದರೆ ಯಾರು ಬೇಡ ಅಂತಾರೆ? 2006ರಲ್ಲಿ ಆ ಪತ್ರಿಕೆ ಟೈಮ್ಸ್ ಗುಂಪಿಗೆ ಹೋಯಿತು. ಆ ಹೊತ್ತಿಗೆ ಟೀವಿಯಲ್ಲಿ ದಿನವಿಡೀ ಕನ್ನಡ ಸುದ್ದಿ ಬರುವುದೂ ಶುರುವಾಗಿತ್ತು. ಪೇಪರ್ ಹೋಗಿಯೇ ಬಿಟ್ಟಿತು ಅಂತ ಆಗಲೂ ಹೇಳಿದ್ದರು. ಹೋಗಲಿಲ್ಲ. ಟೀವಿಯಲ್ಲಿ ನೋಡಿದ್ದನ್ನೇ ಬೆಳಗ್ಗೆ ಇನ್ನೊಮ್ಮೆ ಓದುತ್ತಿದ್ದರು ಜನ, ನಂಬಿಕೆ ಬರಬೇಕಲ್ಲ.

ಪೇಪರಿನ ಒಳಗಿನ ಒಂದೊಂದೇ ಕೆಲಸ ಬೇರೆ ಕಡೆ ಹೋದದ್ದು ಮೊದಲ ಪೆಟ್ಟು. ಒಂದು ಕಾಲದಲ್ಲಿ ಲಾಟರಿ ರಿಸಲ್ಟ್ ನೋಡುವುದಕ್ಕೇ ಪೇಪರ್ ಕೊಳ್ಳುವವರಿದ್ದರು. 2007ರಲ್ಲಿ ರಾಜ್ಯದಲ್ಲಿ ಲಾಟರಿ ಬಂದ್ ಆಯಿತು (ಎಷ್ಟೋ ಸಂಸಾರ ಉಳಿಯಿತು, ಅದು ಒಳ್ಳೆಯದೇ). ಪರೀಕ್ಷೆಯ ರಿಸಲ್ಟಿಗೆ ವೆಬ್‌ಸೈಟ್ ಬಂತು. ಸೈಟ್ ಮಾರಾಟ, ಮನೆ ಬಾಡಿಗೆ, ವಧು-ವರ, ಕೆಲಸ ಖಾಲಿ ಇದೆ, ಈ ಸಣ್ಣ ಜಾಹೀರಾತುಗಳೆಲ್ಲ ಒಂದೊಂದಾಗಿ ಫೋನಿಗೆ ಇಳಿದವು. ಉಳಿದದ್ದು ಹೆಸರು ಬದಲಾವಣೆಯ ಅಫಿಡವಿಟ್, ಕೋರ್ಟ್ ನೋಟಿಸ್, ಶ್ರದ್ಧಾಂಜಲಿ. ಓದುಗ ಕೊಡುವ 5-6 ರೂಪಾಯಿಯಲ್ಲಿ ಪೇಪರ್ ಅಚ್ಚಾಗುವುದಿಲ್ಲ, ಜಾಹೀರಾತಿನಿಂದ ಆಗುತ್ತದೆ. ಜಾಹೀರಾತು ಹೋಯಿತು, ಪುಟ ಕಡಿಮೆಯಾಯಿತು. ಪುಟ ಕಡಿಮೆಯಾದ ಮೇಲೆ ಓದುಗ ಕೇಳಿದ: ಇಷ್ಟಕ್ಕೆ ಇಷ್ಟು ದುಡ್ಡಾ?

2016 ನನಗೆ ಚೆನ್ನಾಗಿ ನೆನಪಿದೆ. ಸೆಪ್ಟೆಂಬರ್‌ನಲ್ಲಿ ಜಿಯೋ ಪುಕ್ಕಟೆ ಡೇಟಾ, ನವೆಂಬರ್‌ನಲ್ಲಿ ನೋಟು ರದ್ದು. ಸೈಟ್ ವ್ಯವಹಾರ ಮಲಗಿತು, ಅದರ ಜಾಹೀರಾತೂ ಮಲಗಿತು. ಅದಕ್ಕಿಂತ ಒಂದು ವರ್ಷ ಮುಂಚೆಯೇ, 2015ರಲ್ಲಿ, ಎಂಪಿಎಂ ಉತ್ಪಾದನೆ ನಿಂತಿತ್ತು. ಕಾಗದನಗರದ ಮನೆಗಳು ಖಾಲಿಯಾಗತೊಡಗಿದವು. ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ, ತಗೊಂಡವರು ಕೆಲವರು ಊರಿಗೆ ಹೋದರು, ಕೆಲವರು ಬೆಂಗಳೂರಿಗೆ ಮಕ್ಕಳ ಹತ್ತಿರ ಹೋದರು. ಆ ಲೈನ್ ತೆಳುವಾಗಿದ್ದಕ್ಕೂ ಮೊಬೈಲಿಗೂ ಸಂಬಂಧವೇ ಇಲ್ಲ, ಊರು ಖಾಲಿಯಾದದ್ದು ಅದು. ಆಮೇಲೆ 2019ರ ಬಜೆಟ್‌ನಲ್ಲಿ ಹೊರದೇಶದಿಂದ ತರಿಸುವ ನ್ಯೂಸ್‌ಪ್ರಿಂಟಿಗೆ ಶೇ 10 ಸುಂಕ ಹಾಕಿದರು, ಮರುವರ್ಷ ಅದನ್ನು ಶೇ 5ಕ್ಕೆ ಇಳಿಸಿದರು. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಶುರುವಾಗಿ ಕಾಗದದ ರೇಟು ಮತ್ತೆ ಏರಿತು. ನ್ಯೂಸ್‌ಪ್ರಿಂಟ್ ಮಾಡುವ ಮಿಲ್ಲು ನಮ್ಮೂರಲ್ಲೇ ಬೀಗ ಹಾಕಿಕೊಂಡು ನಿಂತಿದೆ, ಕಾಗದ ಹಡಗಿನಲ್ಲಿ ಬರುತ್ತದೆ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊರೊನಾ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತು. ಲಾಕ್‌ಡೌನ್‌ನಲ್ಲಿ ಪೇಪರಿಗೆ ಅನುಮತಿ ಇತ್ತು, ಆದರೆ ಕಾಗದದ ಮೇಲೆ ವೈರಸ್ ಬರುತ್ತದೆ ಅನ್ನುವ ಭಯ ಅನುಮತಿಗಿಂತ ದೊಡ್ಡದಾಗಿತ್ತು. ಗೇಟಿನ ಹತ್ತಿರ ಕೋಲು ಹಿಡಿದು ನಿಂತವರೂ ಇದ್ದರು. ಹುಡುಗರ ಅಮ್ಮಂದಿರು ಕಳಿಸಲಿಲ್ಲ, ಅದು ತಪ್ಪಲ್ಲ. ಅದೇ ಹೊತ್ತಿಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಇಡೀ ಪೇಪರಿನ ಪಿಡಿಎಫ್ ಓಡಾಡಲು ಶುರುವಾಯಿತು. ನನ್ನ ಬಂಡಲ್ ಬಿ.ಎಚ್. ರಸ್ತೆಯಲ್ಲಿ ಇಳಿಯುವ ಮುಂಚೆಯೇ ಗಿರಾಕಿಯ ಕೈಯಲ್ಲಿ ಪೇಪರ್! ಹಾಗೆ ಹಂಚುವುದು ಕಾನೂನಿಗೆ ವಿರುದ್ಧ ಅಂತ ಪತ್ರಿಕೆಯವರು ಹೇಳಿದರು. ಯಾರು ಕೇಳುತ್ತಾರೆ?

ಇನ್ನು ನಾನು ಏನು ಮಾಡಿದೆ ಅನ್ನುವುದು. ಲಾಕ್‌ಡೌನ್ ಸಡಿಲವಾದ ಮೇಲೆ ಊರಿನ ಕೆಲವು ಏಜೆಂಟರು ಬಿಟ್ಟೇಬಿಟ್ಟರು. ನಾನೂ ಬಿಡುವ ಯೋಚನೆಯಲ್ಲಿದ್ದೆ. ಬಿಡುವ ಮುಂಚೆ ಒಂದು ದೊಡ್ಡ ಹಾಳೆಯ ಮೇಲೆ ನನ್ನ ಎಲ್ಲ ಮನೆಗಳನ್ನು ಬೀದಿವಾರು ಬರೆದೆ. ಯಾವ ಬೀದಿಯಲ್ಲಿ ಎಷ್ಟು, ನಡುವೆ ಎಷ್ಟು ಖಾಲಿ. ಆಗಲೇ ಲೈನ್ ವಿಷಯ ಸ್ಪಷ್ಟವಾಗಿ ಕಂಡದ್ದು. ಒಂದೇ ಬೀದಿಗೆ ಮೂರು ಏಜೆಂಟರ ಮೂರು ಹುಡುಗರು, ತಲಾ ಹತ್ತು-ಹನ್ನೆರಡು ಮನೆಗೆ. ಹುಚ್ಚುತನ ಅಲ್ವಾ? ಬಿಡುತ್ತಿದ್ದವರ ಹತ್ತಿರ ಹೋಗಿ ಅವರ ಪಟ್ಟಿ ತಗೊಂಡೆ. ಬಿಡದವರ ಜೊತೆ ಬೀದಿ ಅದಲುಬದಲು ಮಾಡಿಕೊಂಡೆ: ಜನ್ನಾಪುರ ಪೂರ್ತಿ ನಿನಗೆ, ಹೊಸಮನೆ ಪೂರ್ತಿ ನನಗೆ, ಪೇಪರ್ ಯಾವ ಕಂಪನಿಯದ್ದಾದರೂ ಸರಿ. ಇದಕ್ಕೆ ಒಂದು ಪತ್ರಿಕೆಯ ಸರ್ಕ್ಯುಲೇಷನ್‌ನವರು ಮುನಿಸಿಕೊಂಡರು, ನಮ್ಮ ಏಜೆಂಟ್ ಬೇರೆಯವರ ಪೇಪರ್ ಯಾಕೆ ಹಾಕಬೇಕು ಅಂತ. ಹಾಗಾದರೆ ನೀವೇ ಬೆಳಗ್ಗೆ ಬಂದು ಹಾಕಿ ಅಂದೆ. ಮತ್ತೆ ಫೋನ್ ಬರಲಿಲ್ಲ.

ಎರಡನೆಯದು, ಮನೆ ತಲುಪಿಸುವ ಚಾರ್ಜ್. ತಿಂಗಳಿಗೆ 30 ರೂಪಾಯಿ ಬೇರೆಯಾಗಿ ಹಾಕಲು ಶುರು ಮಾಡಿದೆ. ಪೇಪರಿನ ಬೆಲೆ ಅರ್ಧ ರೂಪಾಯಿ ಏರಿದರೆ ರಂಪ ಮಾಡುವ ಜನ ಇದಕ್ಕೆ ಒಪ್ಪುವುದಿಲ್ಲ ಅಂತ ನನ್ನ ಹೆಂಡತಿ ಹೇಳಿದಳು. ಕೆಲವರು ಬಿಟ್ಟರು, ಬಹಳ ಜನ ಒಪ್ಪಿದರು, ಯಾಕೆಂದರೆ ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಪೇಪರ್ ಒಳಗೇ ಇಟ್ಟು ಕಳಿಸಿದ್ದೆ. ನೋಡಿ, 60 ಮನೆಯ ಕಮಿಷನ್ 2700, ಚಾರ್ಜ್ 1800, ಸೇರಿ 4500. ಹಿಂದೆ ನೂರು ಮನೆಯಿಂದ ಬರುತ್ತಿದ್ದಷ್ಟೇ. ಲೈನ್ ಉಳಿಯಲು ನೂರು ಮನೆ ಬೇಕಿಲ್ಲ, 60 ಸಾಕು. ಆದರೆ ಆ 60 ಒಟ್ಟೊಟ್ಟಿಗೆ ಇರಬೇಕು.

ಹುಡುಗರ ವಿಷಯ ಕಷ್ಟ. ಈಗಿನ ಹುಡುಗರಿಗೆ ಬೆಳಗ್ಗೆ ಟ್ಯೂಷನ್ ಇರುತ್ತದೆ, ಸ್ವಲ್ಪ ದೊಡ್ಡವರಿಗೆ ಆಹಾರ ತಲುಪಿಸುವ ಕೆಲಸದಲ್ಲಿ ಇದಕ್ಕಿಂತ ಜಾಸ್ತಿ ಸಿಗುತ್ತದೆ. ಸೆಪ್ಟೆಂಬರ್ 4 ಪತ್ರಿಕಾ ವಿತರಕರ ದಿನ. 1833ರ ಆ ದಿನ ನ್ಯೂಯಾರ್ಕ್‌ನಲ್ಲಿ ಬಾರ್ನಿ ಫ್ಲಾಹರ್ಟಿ ಅನ್ನುವ ಹತ್ತು ವರ್ಷದ ಹುಡುಗ ಪೇಪರ್ ಮಾರಲು ಸೇರಿದನಂತೆ. ನಮಗೂ ಪ್ರತಿವರ್ಷ ಶಾಲು ಹೊದಿಸುತ್ತಾರೆ, ಅಬ್ದುಲ್ ಕಲಾಂ ಕೂಡ ಚಿಕ್ಕವರಿದ್ದಾಗ ರಾಮೇಶ್ವರದಲ್ಲಿ ಪೇಪರ್ ಹಂಚಿದ್ದರು ಅಂತ ಭಾಷಣ ಮಾಡುತ್ತಾರೆ. ಭಾಷಣ ಕೇಳಿ ಒಬ್ಬ ಹುಡುಗನೂ ಕೆಲಸಕ್ಕೆ ಬಂದದ್ದು ನಾನು ನೋಡಿಲ್ಲ! ನನಗೆ ಸಿಕ್ಕವರು ಬೇರೆ ತರಹದವರು. ಮಿಲ್ಲಿನಿಂದ ಹೊರಬಂದ ಒಬ್ಬರು, ಬೆಳಗಿನ ವಾಕಿಂಗ್ ಹೇಗೂ ಮಾಡುತ್ತೇನೆ ಅಂತ ಒಂದು ಲೈನ್ ಹಿಡಿದರು. ಇನ್ನೊಂದು ಲೈನ್ ಹಾಲು ಹಾಕುವವನಿಗೆ ಕೊಟ್ಟೆ. ಹಾಲಿನ ಮನೆ, ಪೇಪರಿನ ಮನೆ ಅರ್ಧಕ್ಕರ್ಧ ಒಂದೇ. ಅವನಿಗೆ ಪೆಟ್ರೋಲ್ ಖರ್ಚು ಎರಡು ಸಲ ಆಗುವುದಿಲ್ಲ. ಒಂದೇ ತೊಂದರೆ ಏನೆಂದರೆ ಹಬ್ಬದ ಮರುದಿನ ಪೇಪರ್ ಇರುವುದಿಲ್ಲ, ಹಾಲು ಇರುತ್ತದೆ. ಆ ದಿನ ಎಲ್ಲರೂ ಅವನನ್ನೇ ಬೈಯುತ್ತಾರೆ.

ದುಡ್ಡು ವಸೂಲಿ ಮೊದಲು ದೊಡ್ಡ ತಲೆನೋವು. ಭಾನುವಾರ ಪೂರ್ತಿ ಅದಕ್ಕೇ ಹೋಗುತ್ತಿತ್ತು, ನಾಳೆ ಬನ್ನಿ, ಚಿಲ್ಲರೆ ಇಲ್ಲ, ಯಜಮಾನರು ಇಲ್ಲ. ಇಂಟರ್ನೆಟ್‌ನಿಂದ ನನಗಾದ ಉಪಕಾರ ಅಂದರೆ ಇದು. ಬಿಲ್ ಮೇಲೆ ಕ್ಯೂಆರ್ ಕೋಡ್, ವಾಟ್ಸ್ಆ್ಯಪ್‌ನಲ್ಲಿ ನೆನಪಿನ ಮೆಸೇಜ್. ಬೆಂಗಳೂರಿನಲ್ಲಿರುವ ಮಗ, ಅಮೆರಿಕದಲ್ಲಿರುವ ಮಗಳ ಪರವಾಗಿ ಇಲ್ಲಿ ಯಾರೋ, ಅಪ್ಪನ ಪೇಪರ್ ಬಿಲ್ ಕಟ್ಟುತ್ತಾರೆ. ತಾವು ಮಾತ್ರ ಓದುವುದಿಲ್ಲ, ಅದು ಬೇರೆ ಮಾತು. ಊರಿನ ಅಂಗಡಿ, ಟ್ಯೂಷನ್ ಸೆಂಟರ್, ಹೊಸ ಕ್ಲಿನಿಕ್‌ನವರು ಕೊಡುವ ಪಾಂಪ್ಲೆಟ್ ಈಗಲೂ ಬರುತ್ತದೆ. ಒಂದೇ ಬಡಾವಣೆಯ ಎಲ್ಲ ಮನೆ ನನ್ನ ಕೈಯಲ್ಲಿರುವುದರಿಂದ ಅದರ ರೇಟು ನಾನೇ ಹೇಳುತ್ತೇನೆ. ಕೆಲವು ತಿಂಗಳು ಕಮಿಷನ್‌ಗಿಂತ ಅದೇ ವಾಸಿ.

ಯಾರು ಓದುತ್ತಾರೆ ಈಗ? ಅರವತ್ತು ದಾಟಿದವರು, ಮತ್ತೆ ಕೆಪಿಎಸ್‌ಸಿ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ನಡುವಿನ ವಯಸ್ಸು ಪೂರ್ತಿ ಖಾಲಿ. ಪರೀಕ್ಷೆಯವರು ಅದು ಮುಗಿದ ಮಾರನೇ ದಿನ ನಿಲ್ಲಿಸುತ್ತಾರೆ, ಆದರೆ ಇರುವಷ್ಟು ದಿನ ಸಂಪಾದಕೀಯವನ್ನೂ ಗೆರೆ ಹಾಕಿ ಓದುತ್ತಾರೆ. ಹಿರಿಯರು ಬೇಡ ಅಂದು ನಿಲ್ಲಿಸುವುದು ಕಡಿಮೆ. ಅವರು ತೀರಿಕೊಂಡ ಮೇಲೆ ಮಕ್ಕಳು ಬಂದು, ಹದಿನಾಲ್ಕನೇ ದಿನದವರೆಗೆ ಹಾಕಿ ಸಾಕು ಅನ್ನುತ್ತಾರೆ. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ಸುದ್ದಿ ಬಂದು ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕೂತಾಗ ಮಾತ್ರ ಬಿಡಿ ಪ್ರತಿ ಚೆನ್ನಾಗಿ ಹೋಯಿತು. ಫೋನಿನಲ್ಲಿ ದಿನಕ್ಕೆ ಹತ್ತು ಥರದ ಸುದ್ದಿ ಓಡುತ್ತಿತ್ತು. ಇವತ್ತು ಪೇಪರಿನಲ್ಲಿ ಏನು ಬಂದಿದೆ ಅಂತ ಜನ ಕೇಳಿಕೊಂಡು ಬರುತ್ತಿದ್ದರು.

ಪತ್ರಿಕೆಯವರ ಮೇಲೆ ನನಗಿರುವ ಒಂದು ಸಿಟ್ಟು ಹೇಳಿಬಿಡುತ್ತೇನೆ. ಓದುಗರ ಸಮೀಕ್ಷೆ, ಆ್ಯಪ್, ವಿಡಿಯೊ ಅಂತ ಎಷ್ಟೋ ಖರ್ಚು ಮಾಡುತ್ತಾರೆ. ಯಾವ ಮನೆಯಲ್ಲಿ ಯಾರು ಓದುತ್ತಾರೆ, ಯಾಕೆ ನಿಲ್ಲಿಸಿದರು, ಇದೆಲ್ಲ ನನ್ನ ನೋಟ್‌ಬುಕ್‌ನಲ್ಲಿದೆ. ಇಷ್ಟು ವರ್ಷದಲ್ಲಿ ಅದನ್ನು ಒಬ್ಬರೂ ಕೇಳಿಲ್ಲ. ಟಾರ್ಗೆಟ್ ಎಷ್ಟು ಮುಟ್ಟಿದೆ ಅಂತ ಮಾತ್ರ ಕೇಳುತ್ತಾರೆ. ಹೊಸದಾಗಿ ಏಜೆನ್ಸಿ ತಗೋತೀನಿ ಅನ್ನುವವರು ಅಪರೂಪಕ್ಕೆ ಬಂದರೆ ನಾನು ಹೇಳುವುದು ಇಷ್ಟೇ: ಡೆಪಾಸಿಟ್ ಕಟ್ಟುವ ಮುಂಚೆ ಬೀದಿ ಎಣಿಸಿ, ಒಂದೇ ಕಂಪನಿಗೆ ಕಟ್ಟಿಕೊಳ್ಳಬೇಡಿ, ಚಾರ್ಜ್ ಮೊದಲ ತಿಂಗಳಿನಿಂದಲೇ ಹಾಕಿ.

ಕಾಗದನಗರದ ಲೈನ್ ಈಗ 40ರ ಕೆಳಗೆ ಬಂದಿದೆ, ಅದೂ ಚದುರಿಹೋಗಿದೆ. ಸದ್ಯ ನಾನೇ ಸ್ಕೂಟರ್‌ನಲ್ಲಿ ಹಾಕುತ್ತಿದ್ದೇನೆ. ಆ ಕಡೆ ಹಾಲು ಹಾಕುವವನ ಹತ್ತಿರ ಮಾತಾಡಿದ್ದೇನೆ. ಅವನು ಒಂದು ಮನೆಗೆ ತಿಂಗಳಿಗೆ 40 ಕೇಳುತ್ತಿದ್ದಾನೆ, ನಾನು 30ರಲ್ಲಿ ನಿಂತಿದ್ದೇನೆ. 35ಕ್ಕೆ ಬಂದರೆ ಒಂದನೇ ತಾರೀಖಿನಿಂದ ಅವನಿಗೇ ಕೊಡುತ್ತೇನೆ.